ನೋಡಿ ಅಳೆಯುವುದೋ, ಆಡಿ ಅಳೆಯುವುದೋ: ವಿಡಿಯೊ ಗೇಮ್ ಕೊಳ್ಳುವ ಮುನ್ನ

ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಹೋಗುವ ಲೋಕಲ್‌ನಲ್ಲಿ ಕೂರಲು ಜಾಗ ಸಿಕ್ಕಿತೆಂದರೆ ಒಂದು ತಾಸಿನ ಬಿಡುವು ಸಿಕ್ಕಿತೆಂದೇ ಲೆಕ್ಕ. ಅಷ್ಟು ಹೊತ್ತಿನಲ್ಲಿ ಅಂಗೈಯಗಲದ ಪರದೆಯ ಮೇಲೆ ಯಾರೋ ಆಡುತ್ತಿರುವ ಗೇಮ್ ನೋಡಿ, ದಾದರ್ ಬರುವಷ್ಟರಲ್ಲಿ ‘ಇದು ಬೆಂಕಿ’, ‘ಇದು ದುಡ್ಡು ದಂಡ’ ಎಂದು ತೀರ್ಪು ಕೊಟ್ಟುಬಿಡುವವರು ನಮ್ಮಲ್ಲಿ ಬಹಳ. ಅದಕ್ಕೆ ಕಾರಣವೂ ಇದೆ. 2021ರಲ್ಲಿ ಟಿವಿಗೆ ಜೋಡಿಸಿ ಆಡುವ ಕನ್ಸೋಲ್ ಪಿಎಸ್5 ಭಾರತಕ್ಕೆ ಬಂದಾಗಲೇ ಸೋನಿಯ ದೊಡ್ಡ ಗೇಮ್‌ಗಳ ಬೆಲೆ ₹4,999 ಇತ್ತು. ಅಷ್ಟು ಹಣ ಹಾಕಿ ಎರಡನೇ ದಿನಕ್ಕೇ ಬೇಸರ ಬಂದರೆ ಮನೆಯಲ್ಲಿ ಏನು ಹೇಳುವುದು? ನೋಡುವುದಕ್ಕೆ ಕಾಸಿಲ್ಲ. ಹಾಗಾಗಿ ನೋಡಿಯೇ ನಿರ್ಧರಿಸುತ್ತೇವೆ.

ಹಾಗೆ ನಿರ್ಧರಿಸುವುದು ಕೆಲವು ಗೇಮ್‌ಗಳಿಗೆ ಧಾರಾಳ ಸಾಕು, ಕೆಲವಕ್ಕೆ ಪೂರ್ತಿ ಮೋಸ. ಚೆನ್ನೆಮಣೆ ಆಡುವವರನ್ನು ದೂರದಿಂದ ನೋಡಿ: 14 ಗುಳಿ, ಗುಳಿಗೆ ನಾಲ್ಕು ಕಾಯಿ, ಒಂದರಿಂದ ತೆಗೆದು ಮುಂದಿನವಕ್ಕೆ ಹಂಚುತ್ತ ಹೋಗುತ್ತಾರೆ. ಮಕ್ಕಳಾಟ ಅನ್ನಿಸುತ್ತದೆ. ಮಣೆಯ ಮುಂದೆ ಕೂತಾಗ ಮಾತ್ರ ಕೊನೆಯ ಕಾಯಿ ಎಲ್ಲಿ ಬೀಳುತ್ತದೆಂಬ ಲೆಕ್ಕ ತಲೆ ತಿನ್ನತೊಡಗುತ್ತದೆ. ಕೇರಂ ಇನ್ನೊಂದು ಥರ. ಅಲ್ಲಿ ಲೆಕ್ಕ ನೋಡುವವರಿಗೂ ಕಾಣುತ್ತದೆ, ಸ್ಟ್ರೈಕರ್ ಬೆರಳಿಗೆ ಕೊಡುವ ಅಳತೆ ಮಾತ್ರ ಕಾಣುವುದಿಲ್ಲ. ವಿಡಿಯೊ ಗೇಮ್‌ನಲ್ಲೂ ಹೀಗೆಯೇ. ಸುಖ ಕಣ್ಣಿನಲ್ಲಿದೆಯೋ, ಕೈಯಲ್ಲಿದೆಯೋ, ತಲೆಯಲ್ಲಿದೆಯೋ, ಕೂಡಿ ಆಡುವ ಗೆಳೆಯರಲ್ಲಿದೆಯೋ ಎಂದು ಮೊದಲು ಗುರುತಿಸಬೇಕು. ವಿಡಿಯೊ ಸಾಕೇ, ಆಡಿ ನೋಡಲು ಕೊಡುವ ತುಣುಕು, ಎಂದರೆ ಡೆಮೊ, ಬೇಕೇ, ಗೇಮಿಂಗ್ ಕೆಫೆಗೆ ಹೋಗಬೇಕೇ ಎಂಬುದು ಆಮೇಲಿನ ಮಾತು.

ವಿಡಿಯೊದಲ್ಲಿ ಸೋರಿಹೋಗುವುದು

ಮೊದಲು ಸೋರಿಹೋಗುವುದು ಗುಂಡಿ ಒತ್ತಿದ್ದಕ್ಕೂ ಪರದೆಯಲ್ಲಿ ಅದು ನಡೆದದ್ದಕ್ಕೂ ನಡುವಿನ ಅಂತರ. ಸೆಕೆಂಡಿಗೆ 60 ಫ್ರೇಮ್, ಎಂದರೆ 60 ಚಿತ್ರ, ಓಡುವ ಗೇಮ್‌ನಲ್ಲಿ ಒಂದು ಫ್ರೇಮ್ ಎಂದರೆ 16.7 ಮಿಲಿಸೆಕೆಂಡು, 30 ಫ್ರೇಮ್ ಆದರೆ 33.3. ಆಡುವವರ ಕೈ ನಮಗೆ ಕಾಣುವುದಿಲ್ಲವಾದ್ದರಿಂದ ಪಾತ್ರ ತಡವಾಗಿ ಜಿಗಿಯಿತೋ, ಆಡುವವರೇ ತಡವಾಗಿ ಒತ್ತಿದರೋ ಹೇಳಲಾಗದು. ಯೂಟ್ಯೂಬ್ 60 ಫ್ರೇಮ್‌ಗಿಂತ ಹೆಚ್ಚು ತೋರಿಸುವುದೂ ಇಲ್ಲ; 120 ಫ್ರೇಮ್‌ನ ನುಣುಪು ಅಲ್ಲಿ ಸಿಗದು. ಹುಲ್ಲು, ಮಳೆ, ಕತ್ತಲೆ ಕೋಣೆ ಇರುವ ದೃಶ್ಯಗಳು ವಿಡಿಯೊವನ್ನು ಕುಗ್ಗಿಸುವಾಗ ಕಲಸಿಹೋಗುತ್ತವೆ. ‘ಗ್ರಾಫಿಕ್ಸ್ ಮಸುಕು’ ಎನ್ನುವ ಮೊದಲು, ಲೋಕಲ್‌ನಲ್ಲಿ ನೆಟ್‌ವರ್ಕ್ ಬಿದ್ದು ವಿಡಿಯೊ ತಾನಾಗಿ 480ಪಿ ಎಂಬ ಕಡಿಮೆ ಗುಣಮಟ್ಟಕ್ಕೆ ಇಳಿದಿರಲಿಲ್ಲವೇ ನೋಡಿಕೊಳ್ಳಿ.

ಎರಡನೆಯದು ಕೈಗೆ ಸಿಗುವ ಕೆಲಸ. 2019ರ ‘ಡೆತ್ ಸ್ಟ್ರ್ಯಾಂಡಿಂಗ್’ ಇದಕ್ಕೆ ತಕ್ಕ ಉದಾಹರಣೆ. ವಿಡಿಯೊದಲ್ಲಿ ಒಬ್ಬ ಮನುಷ್ಯ ಬೆನ್ನ ಮೇಲೆ ಪೆಟ್ಟಿಗೆ ಪೇರಿಸಿಕೊಂಡು ಗುಡ್ಡ ಹತ್ತುತ್ತಾನೆ, ಇಳಿಯುತ್ತಾನೆ, ಹೊಳೆ ದಾಟುತ್ತಾನೆ. ಮುಂಬಯಿಯವರು ಡಬ್ಬಾವಾಲಾಗಳನ್ನು ನೋಡಿದವರು, ಇದೇನು ಮಹಾ ಎನ್ನಬಹುದು. ಕಂಟ್ರೋಲರ್ ಹಿಡಿದಾಗ ಎರಡು ತೋರುಬೆರಳುಗಳೂ ಎಡದ ಎಲ್2, ಬಲದ ಆರ್2 ಗುಂಡಿಗಳ ಮೇಲೆ ಕೂರುತ್ತವೆ. ಹೊರೆ ಎಡಕ್ಕೆ ವಾಲಿದರೆ ಬಲ, ಬಲಕ್ಕೆ ವಾಲಿದರೆ ಎಡ ಒತ್ತಿ ತೂಕ ಹಿಡಿಯಬೇಕು. ಸಪ್ಪೆ ನಡಿಗೆ ಆಗ ಕೆಲಸವಾಗುತ್ತದೆ. ಪಿಎಸ್5ರ ಕಂಟ್ರೋಲರ್ ಕೊಡುವ ನಡುಕ, ಬಿಲ್ಲು ಎಳೆದಾಗ ಗುಂಡಿ ಬಿಗಿಯಾಗುವುದು, ಇವೂ ವಿಡಿಯೊಗೆ ಹತ್ತುವುದಿಲ್ಲ.

ಮೂರನೆಯದರಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ. ಬೆಳಗಾವಿಯಿಂದ ಪಣಜಿಗೆ ಚೋರ್ಲಾ ಘಾಟ್ ಇಳಿಯುವಾಗ ಹಿಂದಿನ ಸೀಟಿನವರಿಗೆ ಹೊಟ್ಟೆ ತೊಳಸುತ್ತದೆ, ಸ್ಟಿಯರಿಂಗ್ ಹಿಡಿದವರಿಗೆ ಏನೂ ಆಗುವುದಿಲ್ಲ. ತಿರುವು ಯಾವಾಗ ಬರುತ್ತದೆಂದು ಅವರ ಮೈಗೆ ಮೊದಲೇ ಗೊತ್ತಿರುತ್ತದೆ. ಪಾತ್ರದ ಕಣ್ಣಿನಿಂದಲೇ ಲೋಕ ಕಾಣುವ ಫಸ್ಟ್ ಪರ್ಸನ್ ಗೇಮ್‌ಗಳಲ್ಲೂ ಬೇರೆಯವರು ಕ್ಯಾಮೆರಾ ತಿರುಗಿಸುವುದನ್ನು ನೋಡುವವರಿಗೆ ತಲೆ ಸುತ್ತುವುದು ಹೆಚ್ಚು. ಆದ್ದರಿಂದ ವಿಡಿಯೊ ನೋಡಿ ವಾಕರಿಕೆ ಬಂತೆಂದು ಆ ಗೇಮ್ ಬಿಡಬೇಕಾಗಿಲ್ಲ. ಫೀಲ್ಡ್ ಆಫ್ ವ್ಯೂ, ಎಂದರೆ ಪರದೆಯಲ್ಲಿ ಕಾಣುವ ನೋಟದ ಅಗಲ, ಹಿಗ್ಗಿಸುವ, ಕ್ಯಾಮೆರಾ ಅಲುಗಾಟ ನಿಲ್ಲಿಸುವ ಸೆಟ್ಟಿಂಗ್ ಇದೆಯೇ ಎಂದು ಹುಡುಕಿ. ಎರಡೂ ಇಲ್ಲದಿದ್ದರೆ ಯೋಚಿಸಿ.

ಕಷ್ಟದ ಅಂದಾಜು ಕೂಡ ಎರಡೂ ದಿಕ್ಕಿಗೆ ತಪ್ಪುತ್ತದೆ. ಜಿಗಿತದ ಗೇಮ್ ‘ಸೆಲೆಸ್ಟ್’ ಆಡುವವರು ಸಾವಿರಾರು ಸಲ ಸಾಯುವುದನ್ನು ಕಂಡು ಹೆದರುವವರಿದ್ದಾರೆ. ಆದರೆ ಸತ್ತ ಕೂಡಲೇ ಅದೇ ಪರದೆಯಲ್ಲಿ ಮರುಹುಟ್ಟು, ಕಾಯುವುದೇ ಇಲ್ಲ. ಅಂಚು ದಾಟಿ ಕಾಲು ಗಾಳಿಯಲ್ಲಿದ್ದ ಮೇಲೂ ಜಿಗಿಯಲು 0.1 ಸೆಕೆಂಡು ಸಲಿಗೆ ಕೊಟ್ಟಿದ್ದಾರೆ. ಅದು ನೋಡುವವರಿಗೆ ಕಾಣುವುದೇ ಇಲ್ಲ. ‘ಸೆಕಿರೊ’ ಇದಕ್ಕೆ ಉಲ್ಟಾ. ಪಳಗಿದವರ ಕೈಯಲ್ಲಿ ಕತ್ತಿಗೆ ಕತ್ತಿ ತಾಳ ಹಾಕಿದಂತೆ ತಾಗುತ್ತದೆ, ನಾವೂ ಮಾಡಬಹುದು ಅನ್ನಿಸುತ್ತದೆ. ಗಾಬರಿಯಲ್ಲಿ ಗುಂಡಿಯನ್ನು ಒಂದೇ ಸಮನೆ ಕುಟ್ಟಿದರೆ ಏಟು ತಡೆಯುವ ಅವಕಾಶ ಕಿರಿದಾಗುತ್ತ ಹೋಗುತ್ತದೆಂಬುದು ಆಡಿದಾಗಲೇ ತಿಳಿಯುವುದು. ಹೊಸಬರು ಸೋಲುವುದು ಅಲ್ಲೇ.

ಯಾವ ವಿಡಿಯೊ, ಎಲ್ಲಿಂದ, ಎಷ್ಟು ಹೊತ್ತು

ಟ್ರೇಲರ್ ಲೆಕ್ಕಕ್ಕಿಲ್ಲ. 2016ರ ‘ನೋ ಮ್ಯಾನ್ಸ್ ಸ್ಕೈ’ ಟ್ರೇಲರ್‌ಗಳಲ್ಲಿ ಕಂಡದ್ದೆಲ್ಲ ಬಿಡುಗಡೆಯ ದಿನ ಗೇಮ್‌ನಲ್ಲಿರಲಿಲ್ಲ. ಎಷ್ಟೋ ಸಂಗತಿಗಳು ಬಂದದ್ದು ನಂತರದ ವರ್ಷಗಳ ಅಪ್‌ಡೇಟ್‌ಗಳಲ್ಲಿ. ಹೈಲೈಟ್ಸ್ ವಿಡಿಯೊಗಳೂ ಅಷ್ಟೆ: ಎಂಟು ತಾಸಿನ ಆಟವನ್ನು ಹನ್ನೆರಡು ನಿಮಿಷಕ್ಕೆ ಕತ್ತರಿಸಿದ್ದರಲ್ಲಿ ನಡೆದಾಡುವುದು, ಹುಡುಕಾಡುವುದು, ಚೀಲದ ಸಾಮಾನು ಜೋಡಿಸುವುದು ಇರುವುದಿಲ್ಲ. ನಿಮ್ಮ ಹೊತ್ತು ಹೋಗುವುದು ಅದರಲ್ಲೇ.

ವಿಮರ್ಶೆಯ ವಿಡಿಯೊಗಳು ಉಪಯುಕ್ತವೇ, ಆದರೆ ಅವರು ಯಾವ ಯಂತ್ರದಲ್ಲಿ ಆಡಿದರೆಂದು ಕೇಳಿ. 2020ರ ಡಿಸೆಂಬರಿನಲ್ಲಿ ‘ಸೈಬರ್‌ಪಂಕ್ 2077’ ಬಂದಾಗ ಬಿಡುಗಡೆಗೆ ಮುಂಚೆ ವಿಮರ್ಶಕರಿಗೆ ಸಿಕ್ಕದ್ದು ಪಿಸಿ ಆವೃತ್ತಿ ಮಾತ್ರ. ಆ ಮಾತು ನಂಬಿ ಹಳೆಯ ಪಿಎಸ್4ಗೆ ಕೊಂಡವರ ಪರದೆ ತಡವರಿಸಿತು, ನಿಂತಿತು. ಸೋನಿ ಆ ಗೇಮನ್ನು ತನ್ನ ಅಂಗಡಿಯಿಂದಲೇ ತೆಗೆದು, ಮರಳಿ ಇಟ್ಟದ್ದು 2021ರ ಜೂನ್‌ನಲ್ಲಿ. ಹುಡುಕುವಾಗ ಗೇಮ್‌ನ ಹೆಸರಿನ ಜೊತೆ ನಿಮ್ಮ ಕನ್ಸೋಲ್ ಅಥವಾ ಗ್ರಾಫಿಕ್ಸ್ ಕಾರ್ಡ್ ಹೆಸರನ್ನೂ ಹಾಕುವುದು ಇದಕ್ಕೇ. ಫ್ರೇಮ್ ಎಣಿಸಿ ತೋರಿಸುವ ‘ಡಿಜಿಟಲ್ ಫೌಂಡ್ರಿ’ಯಂಥ ಚಾನೆಲ್‌ಗಳು ಈ ಒಂದು ಪ್ರಶ್ನೆಗೆ ಆಡಿ ನೋಡುವುದಕ್ಕಿಂತಲೂ ಚೆನ್ನಾಗಿ ಉತ್ತರ ಕೊಡುತ್ತವೆ.

ಪ್ರಕಾಶಕರು ಕಟ್ಟುಪಾಡು ಹಾಕಿದ್ದಾರೆಯೇ ಎಂಬುದನ್ನೂ ಗಮನಿಸಿ. 2017ರಲ್ಲಿ ‘ಪರ್ಸೋನಾ 5’ ಬಂದಾಗ ಕಥೆಯಲ್ಲಿ ಜುಲೈ 7ರ ನಂತರದ್ದನ್ನು ಪ್ರಸಾರ ಮಾಡಬಾರದೆಂದು ಅಟ್ಲಸ್ ಕಂಪನಿ ತಾಕೀತು ಮಾಡಿತ್ತು. ವಿರೋಧ ಬಂದ ಮೇಲೆ ಕಥೆಯ ನವೆಂಬರ್ 19ರವರೆಗೆ ಸಡಿಲಿಸಿತು. ಹೊಸ ಗೇಮ್‌ನ ವಿಡಿಯೊಗಳೆಲ್ಲ ಮೊದಲ ಮೂರು ತಾಸಿನಲ್ಲೇ ಸುತ್ತುತ್ತಿದ್ದರೆ ಎರಡು ವಾರ ತಡೆಯಿರಿ. ದುಡ್ಡು ಪಡೆದು ಮಾಡಿದ ವಿಡಿಯೊಗೆ ಜಾಹೀರಾತೆಂಬ ಚೀಟಿ ಇರಬೇಕೆಂದು ಮುಂಬಯಿಯಲ್ಲೇ ಕಚೇರಿ ಇರುವ ಜಾಹೀರಾತು ಗುಣಮಟ್ಟ ಮಂಡಳಿ, ಎಂದರೆ ಆಸ್ಕಿ, 2021ರಲ್ಲಿ ಹೇಳಿದೆ. ಚೀಟಿ ಮೂಲೆಯಲ್ಲಿ ಸಣ್ಣದಾಗಿರುತ್ತದೆ, ಕಣ್ಣಿಟ್ಟು ನೋಡಿ.

ಅಳೆಯಲು ತಕ್ಕದ್ದು ಕತ್ತರಿಸದ, ಮಾತಿಲ್ಲದ ವಿಡಿಯೊ. ‘ನೋ ಕಾಮೆಂಟರಿ’ ಎಂದು ಹುಡುಕಿದರೆ ಸಿಗುತ್ತದೆ. ತಮಾಷೆಯ ನಿರೂಪಕರಿದ್ದರೆ ನಮಗೆ ಇಷ್ಟವಾದದ್ದು ಗೇಮೋ ಅವರ ಮಾತೋ ಎಂದು ಬೇರ್ಪಡಿಸುವುದು ಕಷ್ಟ. ಅವರ ಕಿರುಚಾಟದಲ್ಲಿ ಗೇಮ್‌ನ ಸಂಗೀತವೂ ಮುಳುಗಿರುತ್ತದೆ. ನೇರ ಪ್ರಸಾರದ ರೆಕಾರ್ಡಿಂಗ್ ಆದರೆ ತೀರಾ ನುರಿತವರದ್ದೂ ಬೇಡ, ಮೊದಲ ದಿನದವರದ್ದೂ ಬೇಡ, ಎರಡು-ಮೂರನೇ ದಿನ ಆಡುತ್ತಿರುವವರದ್ದು ಆರಿಸಿ.

ನೋಡುವ ಕ್ರಮ ಹೀಗಿರಲಿ. ‘ಹೌ ಲಾಂಗ್ ಟು ಬೀಟ್’ ಜಾಲತಾಣದಲ್ಲಿ ಗೇಮ್ ಮುಗಿಯಲು ಎಷ್ಟು ತಾಸು ಎಂದು ತಿಳಿದುಕೊಳ್ಳಿ. 20 ತಾಸಿನ ಗೇಮ್ ಆದರೆ ಆರನೇ ಅಥವಾ ಏಳನೇ ತಾಸಿಗೆ ಹಾರಿ. ಮೊದಲ ತಾಸನ್ನು ತಯಾರಕರು ತಿದ್ದಿ ತೀಡಿ ಇಟ್ಟಿರುತ್ತಾರೆ, ಕೊನೆಯದನ್ನು ನೋಡಿದರೆ ಕಥೆ ಹಾಳು. ಮೂರನೇ ಒಂದು ಭಾಗ ಕಳೆದಲ್ಲಿ ಗೇಮ್ ತನ್ನ ದಿನನಿತ್ಯದ ಬಾಳಿಗೆ ಇಳಿದಿರುತ್ತದೆ. ಅಲ್ಲಿಂದ 20 ನಿಮಿಷ ಬಿಡದೆ ನೋಡಿ. ಮುಂದೋಡಿಸಬೇಕು ಅನ್ನಿಸಿದಾಗಲೆಲ್ಲ ಓಡಿಸದೆ, ಕಾಗದದ ಮೇಲೆ ಒಂದು ಗೀಟು ಎಳೆಯಿರಿ. ಗೀಟು ಬಿದ್ದದ್ದು ಕಟ್‌ಸೀನ್ (ಆಡಲು ಬಿಡದೆ ತೋರಿಸುವ ಕಥೆಯ ದೃಶ್ಯ), ಮೆನು, ನಕ್ಷೆ ಅಥವಾ ಲೋಡಿಂಗ್‌ನಲ್ಲಿ ಆದರೆ ಅದನ್ನು ಪೂರ್ತಿ ಎಣಿಸಿ. ನಡಿಗೆ, ಓಟ, ಸವಾರಿಯಲ್ಲಿ ಬಿದ್ದದ್ದಾದರೆ ಅರ್ಧ ಎಣಿಸಿ, ಏಕೆಂದರೆ ಕೈಗೆ ಕೆಲಸವಿದ್ದಾಗ ಹೊತ್ತು ಬೇಗ ಸರಿಯುತ್ತದೆ. ಎಲ್ಲ ಸೇರಿ ಹತ್ತು ದಾಟಿದರೆ ಆ ಗೇಮ್‌ನ ನಡೆ ನಿಮ್ಮದಲ್ಲ. ಇದು ವಿಜ್ಞಾನವಲ್ಲ, ಒರಟು ಅಳತೆ. ಆದರೂ ‘ಸುಮಾರಾಗಿದೆ’ ಎನ್ನುವುದಕ್ಕಿಂತ ವಾಸಿ.

ಆಡುವವರು ಸೋಲುವ ಒಂದು ಜಾಗವನ್ನೂ ಹುಡುಕಿ ನೋಡಿ. ಸತ್ತ ಮೇಲೆ ಎಷ್ಟು ಹಿಂದಿನಿಂದ ಶುರುವಾಗುತ್ತದೆ, ಎಷ್ಟು ಸೆಕೆಂಡು ಕಾಯಬೇಕು, ಅದೇ ಕಟ್‌ಸೀನ್ ಮತ್ತೆ ನೋಡಬೇಕೇ? ದಿನಕ್ಕೆ ಮುಕ್ಕಾಲು ತಾಸು ಮಾತ್ರ ಆಡಲು ಸಿಗುವವರಿಗೆ ಗ್ರಾಫಿಕ್ಸಿಗಿಂತ ಇದು ಮುಖ್ಯ. ಸೇವ್ ಎಲ್ಲಿ ಬೇಕಾದರೂ ಆಗುತ್ತದೆಯೇ ಎಂಬುದೂ ಇಲ್ಲೇ ತಿಳಿಯುತ್ತದೆ. ಕೊನೆಗೆ ಒಂದು ಸಲ ವಿಡಿಯೊವನ್ನು ಮನೆಯ ಟಿವಿಯಲ್ಲೇ ಹಾಕಿ, ನೀವು ಕೂರುವ ಜಾಗದಿಂದ ಅಕ್ಷರ ಓದಲು ಬರುತ್ತದೆಯೇ ನೋಡಿ. 32 ಇಂಚಿನ ಟಿವಿಯಲ್ಲಿ ಸಾಮಾನು-ಪಟ್ಟಿಯ ಅಕ್ಷರ ಇರುವೆ ಸಾಲಿನಂತಾಗುವ ಗೇಮ್‌ಗಳು ಕಡಿಮೆಯೇನಿಲ್ಲ.

ಯಾವ ಗೇಮ್‌ಗೆ ಯಾವ ದಾರಿ

ಕಥೆ, ಚಿತ್ರ, ಸಂಭಾಷಣೆಯೇ ಮುಖ್ಯವಾದವನ್ನು ನೋಡಿ ಅಳೆಯಬಹುದು. ಎಷ್ಟರಮಟ್ಟಿಗೆ ಎಂದರೆ ನೋಡಿದ ಮೇಲೆ ಕೊಳ್ಳುವ ಕಾರಣವೇ ಉಳಿಯದಷ್ಟು. 2016ರ ‘ದಟ್ ಡ್ರ್ಯಾಗನ್, ಕ್ಯಾನ್ಸರ್’ ತಯಾರಕರು ಇದನ್ನೇ ಬಹಿರಂಗವಾಗಿ ಹೇಳಿಕೊಂಡರು: ಬಹಳ ಜನ ಪೂರ್ತಿ ಆಟವನ್ನು ವಿಡಿಯೊದಲ್ಲಿ ನೋಡಿದರು, ಕೊಂಡವರು ಕಡಿಮೆ. ಇಂಥದ್ದರಲ್ಲಿ ಮೊದಲ 15 ನಿಮಿಷ ನೋಡಿ ನಿಲ್ಲಿಸುವುದು ಮರ್ಯಾದೆ. ಅದೂ ಅಲ್ಲದೆ, ಕಥೆಯ ಗೇಮ್‌ನಲ್ಲೂ ಕೈಗೆ ಮಾತ್ರ ತಿಳಿಯುವ ಜಾಗಗಳಿರುತ್ತವೆ. ‘ವಾಟ್ ರಿಮೇನ್ಸ್ ಆಫ್ ಈಡಿತ್ ಫಿಂಚ್’ನಲ್ಲಿ ಮೀನಿನ ಕಾರ್ಖಾನೆಯ ದೃಶ್ಯವೊಂದಿದೆ. ಒಂದು ಕೈ ಮೀನು ಹಿಡಿದು ಕತ್ತರಿಗೆ ಒಡ್ಡುತ್ತಿರುತ್ತದೆ, ಇನ್ನೊಂದು ಕೈ ಕೆಲಸಗಾರನ ಹಗಲುಗನಸಿನೊಳಗೆ ನಡೆಯುತ್ತಿರುತ್ತದೆ. ಕೈ ಕೆಲಸದಲ್ಲಿ, ಮನಸ್ಸು ಇನ್ನೆಲ್ಲೋ. ನೋಡಿದವರಿಗೆ ಇದು ಅರ್ಥವಾಗುತ್ತದೆ, ಆಡಿದವರಿಗೆ ಅನುಭವವೇ ಆಗುತ್ತದೆ.

ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ತಂದ ‘ರಾಜಿ’ ಎರಡೂ ಬಗೆಯಲ್ಲಿ ನೋಡಬೇಕಾದದ್ದು. ಕೋಟೆ, ಗುಡಿ, ಗೋಡೆಚಿತ್ರ, ದುರ್ಗೆ-ವಿಷ್ಣುವಿನ ಮಾತಿನಲ್ಲಿ ಸಾಗುವ ಕಥೆ ಎಲ್ಲ ವಿಡಿಯೊದಲ್ಲೇ ಒಪ್ಪಿಗೆಯಾಗುತ್ತವೆ. ವಿಮರ್ಶಕರೂ ಹೊಗಳಿದ್ದು ಅದನ್ನೇ. ಅವರು ತಕರಾರು ತೆಗೆದದ್ದು ಕಾಳಗದ ಬಿಗಿತದ ಮೇಲೆ. ಆ ತಕರಾರು ನಿಮಗೂ ಅಡ್ಡಬರುತ್ತದೆಯೇ ಎಂಬುದು ಕೈಯಲ್ಲಿ ಹಿಡಿದಾಗಲೇ ಗೊತ್ತಾಗುವುದು. ತಮಿಳು ಕುಟುಂಬದ ಅಡುಗೆಮನೆಯಲ್ಲಿ ನಡೆಯುವ ‘ವೆಂಬಾ’ (2023) ಇನ್ನೂ ಚಿಕ್ಕದು, ಒಂದೂವರೆ ತಾಸಿನಲ್ಲಿ ಮುಗಿಯುತ್ತದೆ. ಇಡ್ಲಿಯ ಒಗಟು ನಮ್ಮ ಮನೆಗಳವರಿಗೆ ಒಗಟೇ ಅಲ್ಲ. ಆದರೂ ಉತ್ತರ ನೋಡಿಬಿಟ್ಟರೆ ಆಡಲು ಏನೂ ಉಳಿಯದು.

ತಲೆಯ ಗೇಮ್‌ಗಳಲ್ಲಿ ಎರಡು ಜಾತಿ. ಗುಟ್ಟು ಬಿಡಿಸುವುದೇ ಆಟವಾದ ‘ಔಟರ್ ವೈಲ್ಡ್ಸ್’, ‘ರಿಟರ್ನ್ ಆಫ್ ದಿ ಓಬ್ರಾ ಡಿನ್’ ಮೊದಲ ಜಾತಿ. ಔಟರ್ ವೈಲ್ಡ್ಸ್‌ನಲ್ಲಿ 22 ನಿಮಿಷಕ್ಕೊಮ್ಮೆ ಲೋಕ ಮುಗಿದು ಮತ್ತೆ ಶುರುವಾಗುತ್ತದೆ. ನಿಮ್ಮ ಜೊತೆ ಮುಂದಕ್ಕೆ ಬರುವುದು ತಿಳಿವಳಿಕೆಯೊಂದೇ. ಅದನ್ನು ವಿಡಿಯೊದಿಂದ ಪಡೆದರೆ ಗೇಮ್ ಕೊಳ್ಳುವ ಮೊದಲೇ ಮುಗಿದಂತೆ, ಮತ್ತೆ ಆಡಲು ಬರುವುದಿಲ್ಲ. ಹತ್ತು ನಿಮಿಷಕ್ಕಿಂತ ಹೆಚ್ಚು ನೋಡಬೇಡಿ. ಎರಡನೇ ಜಾತಿ ‘ಫ್ಯಾಕ್ಟೋರಿಯೊ’, ‘ಬಲಾಟ್ರೊ’ ಥರದ್ದು: ಚೆನ್ನೆಮಣೆಯ ಬಳಗ. ನೋಡಿದರೆ ಬೆಲ್ಟಿನ ಮೇಲೆ ಕಬ್ಬಿಣ, ಮೇಜಿನ ಮೇಲೆ ಇಸ್ಪೀಟು. ಕೂತರೆ ರಾತ್ರಿ ಎರಡು ಗಂಟೆ. ಇವಕ್ಕೆ ಡೆಮೊವೇ ಸರಿ, ಫ್ಯಾಕ್ಟೋರಿಯೊಗಂತೂ ಡೆಮೊ ಪುಕ್ಕಟೆ ಇದೆ. ಡಿಸ್ಕೌಂಟಿಗೆ ಕಾಯುವವರಿಗೆ ಒಂದು ಮಾತು: ಫ್ಯಾಕ್ಟೋರಿಯೊ ತಯಾರಕರು ಬೆಲೆ ಇಳಿಸುವುದೇ ಇಲ್ಲ. 2023ರಲ್ಲಿ ಏರಿಸಿದ್ದುಂಟು.

ಕೈಯ ಗೇಮ್‌ಗಳು, ಎಂದರೆ ಜಿಗಿತ, ಕತ್ತಿ, ರೇಸಿಂಗ್, ಫೈಟಿಂಗ್, ಶೂಟಿಂಗ್, ಇವನ್ನು ವಿಡಿಯೊ ನೋಡಿ ಕೊಳ್ಳಲೇಬೇಡಿ, ವಿಡಿಯೊ ನೋಡಿ ಬಿಡಲೂಬೇಡಿ; ಆಡಿಯೇ ನೋಡಿ, ಹೇಗೆಂಬುದು ಮುಂದಿದೆ.

ಗೆಳೆಯರ ಗೇಮ್‌ಗಳ ಕಥೆ ಬೇರೆ. 2018ರಲ್ಲಿ ಬಂದು ಯಾರ ಕಣ್ಣಿಗೂ ಬೀಳದಿದ್ದ ‘ಅಮಾಂಗ್ ಅಸ್’ 2020ರಲ್ಲಿ ನೇರ ಪ್ರಸಾರದಲ್ಲಿ ಆಡಿ ತೋರಿಸುವ ಸ್ಟ್ರೀಮರ್‌ಗಳಿಂದ ಲೋಕವೆಲ್ಲ ಹಬ್ಬಿತು. ಆದರೆ ಆ ಪ್ರಸಾರಗಳಲ್ಲಿ ನಗಿಸುತ್ತಿದ್ದದ್ದು ಪರಸ್ಪರ ಗೊತ್ತಿರುವ ಎಂಟು-ಹತ್ತು ಜನರ ಜಗಳ. ನಿಮಗೆ ಅಷ್ಟು ಮಂದಿ ಒಂದೇ ಹೊತ್ತಿಗೆ ಸಿಗುತ್ತಾರೆಯೇ? ಒಬ್ಬರು ಠಾಣೆಯಲ್ಲಿ ರಾತ್ರಿ ಪಾಳಿ, ಇನ್ನೊಬ್ಬರು ಹಿಂಜೆವಾಡಿಯಿಂದ ಒಂಬತ್ತಕ್ಕೆ ಮನೆ ಸೇರುವವರು ಎಂದಾದರೆ ಮೊದಲು ಜನ ಹೊಂದಿಸಿ, ಗೇಮ್ ಆಮೇಲೆ. ಇಬ್ಬರೇ ಇದ್ದರೆ ‘ಇಟ್ ಟೇಕ್ಸ್ ಟೂ’ ನೋಡಿ: ಒಬ್ಬರು ಕೊಂಡರೆ ಸಾಕು, ಫ್ರೆಂಡ್ಸ್ ಪಾಸ್‌ನಲ್ಲಿ ಇನ್ನೊಬ್ಬರು ಕಾಸಿಲ್ಲದೆ ಸೇರಬಹುದು. ಒಂದೇ ಪರದೆಯಲ್ಲಿ ಕೂಡಿ ಆಡುವ ಗೇಮ್ ಗೆಳೆಯರ ಬಳಿ ಇದ್ದರೆ ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನ ರಿಮೋಟ್ ಪ್ಲೇ ಟುಗೆದರ್ ಮೂಲಕ ನಿಮ್ಮ ಮನೆಯಿಂದಲೇ ಆಡಿ ನೋಡಬಹುದು, ಕೊಂಡಿರಬೇಕಾದ್ದು ಅವರೊಬ್ಬರೇ. ಇಂಟರ್ನೆಟ್ ಮಂದವಿದ್ದರೆ ಆಗುವ ತಡವನ್ನು ಗೇಮ್‌ನ ಲೆಕ್ಕಕ್ಕೆ ಬರೆಯಬೇಡಿ.

ಸ್ಟೀಮ್‌ನ ಎರಡು ತಾಸು

ಪಿಸಿಯವರಿಗೆ ಸ್ಟೀಮ್‌ನ ರೀಫಂಡಿಗಿಂತ ಒಳ್ಳೆಯ ದಾರಿಯಿಲ್ಲ. ಕೊಂಡು 14 ದಿನದೊಳಗೆ, ಆಡಿದ್ದು 2 ತಾಸಿಗಿಂತ ಕಡಿಮೆ ಇದ್ದರೆ ಕಾರಣ ಏನೇ ಇರಲಿ ಹಣ ವಾಪಸ್. ಎರಡೂ ಷರತ್ತು ಒಟ್ಟಿಗೆ ಪಾಲನೆಯಾಗಬೇಕು. ಇಂಥದ್ದೇ ಇನ್ನೊಂದು ಅಂಗಡಿ ಎಪಿಕ್‌ನದ್ದೂ ಹೆಚ್ಚುಕಡಿಮೆ ಇದೇ ಲೆಕ್ಕ. ಜಿಒಜಿ ಎಂಬ ಅಂಗಡಿ ಇನ್ನೂ ಉದಾರಿ, ಡೌನ್‌ಲೋಡ್ ಮಾಡಿ ಆಡಿದ್ದರೂ 30 ದಿನ. ಪ್ಲೇಸ್ಟೇಷನ್ ಅಂಗಡಿಯಲ್ಲಿ ಮಾತ್ರ ಹುಷಾರು: 14 ದಿನ ಎಂದಿದ್ದರೂ ಡೌನ್‌ಲೋಡ್ ಶುರುವಾಗಿದ್ದರೆ ಆ ಹಕ್ಕು ಹೋಯಿತು. ಕೊಂಡ ಕೂಡಲೇ ಕನ್ಸೋಲ್ ತಾನಾಗಿ ಡೌನ್‌ಲೋಡ್ ಶುರುಮಾಡುವ ಸೆಟ್ಟಿಂಗ್ ಇದ್ದರೆ ಮೊದಲು ಆಫ್ ಮಾಡಿ. ಮುಂದೆ ಹೇಳುವುದು ಸ್ಟೀಮ್‌ಗೆ.

ಗಡಿಯಾರ ಓಡುವುದು ಗೇಮ್ ತೆರೆದಿರುವಷ್ಟು ಹೊತ್ತೂ. ಮೆನುವಿನಲ್ಲಿ ನಿಂತರೂ, ಆಟ ತಡೆದು ನಿಲ್ಲಿಸಿ ಊಟಕ್ಕೆ ಎದ್ದರೂ, ನಿಮ್ಮ ಗ್ರಾಫಿಕ್ಸ್ ಕಾರ್ಡಿಗೆ ತಕ್ಕ ಬೆಳಕು-ಬಣ್ಣದ ಸೂಚನೆ, ಎಂದರೆ ಶೇಡರ್, ಕಟ್ಟುತ್ತಿದ್ದರೂ ಓಡುತ್ತದೆ. 2023ರ ಮಾರ್ಚ್‌ನಲ್ಲಿ ‘ದಿ ಲಾಸ್ಟ್ ಆಫ್ ಅಸ್ ಪಾರ್ಟ್ 1’ ಪಿಸಿಗೆ ಬಂದಾಗ ಹಳೆಯ ಪ್ರೊಸೆಸರ್‌ಗಳಲ್ಲಿ ಶೇಡರ್ ಕಟ್ಟುವುದಕ್ಕೇ ತಾಸು ಹಿಡಿದು, ರೀಫಂಡ್ ಅವಧಿ ಕರಗಿತೆಂದು ದೂರುಗಳು ಬಂದವು. ಆದ್ದರಿಂದ ಮೊದಲ ಸಲ ತೆರೆಯುವಾಗ ಯಂತ್ರದ ಮುಂದೆಯೇ ಕೂತಿರಿ. ಅರ್ಧ ತಾಸು ಕಳೆದರೂ ಶೇಡರ್ ಮುಗಿಯದಿದ್ದರೆ ನಿಮ್ಮ ಯಂತ್ರದ ಮಟ್ಟಿಗೆ ಉತ್ತರ ಸಿಕ್ಕಿತು.

ವಿಡಿಯೊ ಮತ್ತು ಆಟ ಎರಡನ್ನೂ ಜೋಡಿಸಿಕೊಳ್ಳಬೇಕಾದ್ದು ಇಲ್ಲಿ. ಶುರುವಿನ ಕಟ್‌ಸೀನ್‌ಗಳನ್ನು ಮೊದಲೇ ವಿಡಿಯೊದಲ್ಲಿ ನೋಡಿಕೊಂಡಿದ್ದರೆ ಅವನ್ನೆಲ್ಲ ಹಾರಿಸಿ ಎರಡು ತಾಸನ್ನೂ ಕೈಗೆ ಕೊಡಬಹುದು. ಮೊದಲ ಹತ್ತು ನಿಮಿಷ ಗ್ರಾಫಿಕ್ಸ್, ಕ್ಯಾಮೆರಾ ವೇಗ, ಸಬ್‌ಟೈಟಲ್ ಹೊಂದಿಸಿ. ಗದ್ದಲದ ಜಾಗಕ್ಕೆ, ಎಂದರೆ ಪೇಟೆ ಅಥವಾ ದೊಡ್ಡ ಕಾಳಗಕ್ಕೆ, ಹೋಗಿ ಫ್ರೇಮ್ ಎಷ್ಟಕ್ಕೆ ಇಳಿಯುತ್ತದೆ ನೋಡಿ. 1 ತಾಸು 45 ನಿಮಿಷಕ್ಕೆ ಮುಚ್ಚಿ ಮಲಗಿ. ಬೆಳಿಗ್ಗೆ ಎದ್ದಾಗ ಮತ್ತೆ ತೆರೆಯುವ ಆಸೆ ಇದೆಯೇ ಎಂಬುದೇ ಪರೀಕ್ಷೆ. ಬೇಡವೆನಿಸಿದರೆ ಸ್ಟೀಮ್ ಸಪೋರ್ಟ್ ಪುಟದಲ್ಲಿ ಇತ್ತೀಚಿನ ಖರೀದಿ ಆರಿಸಿ ರೀಫಂಡ್ ಕೇಳಿ.

ಎರಡು ತಾಸು ಸಾಲದ ಗೇಮ್‌ಗಳೂ ಇವೆ. ‘ರೆಡ್ ಡೆಡ್ ರಿಡೆಂಪ್ಷನ್ 2’ನಲ್ಲಿ ಮೊದಲ ಅಧ್ಯಾಯ ಹಿಮದಲ್ಲೇ ಹೆಚ್ಚುಕಡಿಮೆ ಅಷ್ಟು ಹೊತ್ತು ನುಂಗುತ್ತದೆ, ಬಯಲು, ಬೇಟೆ, ಊರು ಎಲ್ಲ ಆಮೇಲೆ. ಅಲ್ಲಿ ಕೈಯ ತೂಕವನ್ನು ಎರಡು ತಾಸಿನಲ್ಲಿ ನೋಡಿ, ಮುಂದಿನದಕ್ಕೆ ವಿಡಿಯೊವನ್ನೇ ನಂಬಬೇಕು. ವೆಂಬಾದಂಥ ಕಿರಿದನ್ನು ಪೂರ್ತಿ ಆಡಿ ಮುಗಿಸಿ ರೀಫಂಡ್ ಕೇಳುವುದಕ್ಕೂ ನಿಯಮ ಅಡ್ಡ ಬರುವುದಿಲ್ಲ. ಮಾಟುಂಗಾದ ಹೋಟೆಲಿನಲ್ಲಿ ದೋಸೆ ತಿಂದು ಕೈ ತೊಳೆದು ಬಂದು ‘ಬೇಡವಾಗಿತ್ತು’ ಎಂದಂತೆ ಅದು. ಪದೇ ಪದೇ ಮಾಡಿದರೆ ಸ್ಟೀಮ್ ರೀಫಂಡನ್ನೇ ನಿಲ್ಲಿಸಬಹುದು.

ಸ್ಟೀಮ್ ಪುಟದ ಬಳಕೆದಾರರ ಅಭಿಪ್ರಾಯಗಳಲ್ಲಿ ಬರೆದಾಗ ಎಷ್ಟು ತಾಸು ಆಡಿದ್ದರೆಂಬುದೂ ಇರುತ್ತದೆ. 5ರಿಂದ 30 ತಾಸು ಆಡಿ ‘ಬೇಡ’ ಎಂದವರನ್ನು ಓದಿ. ಅರ್ಧ ತಾಸಿನವರದ್ದು ಕೋಪ, 900 ತಾಸಿನವರದ್ದು ಸಂಸಾರದ ಜಗಳ. ಹೊಸ ಗೇಮ್‌ಗಳ ಡೆಮೊಗಳಿಗೆ ಫೆಬ್ರವರಿ, ಜೂನ್, ಅಕ್ಟೋಬರ್‌ಗಳಲ್ಲಿ ನಡೆಯುವ ಸ್ಟೀಮ್‌ನ ನೆಕ್ಸ್ಟ್ ಫೆಸ್ಟ್ ಸುಗ್ಗಿ.

ಟ್ರಯಲ್, ಚಂದಾ, ಕೆಫೆ, ಹಳೆಯ ಡಿಸ್ಕ್

ಭಾರತದಲ್ಲಿ ಪ್ಲೇಸ್ಟೇಷನ್‌ನ ಚಂದಾ ಸೇವೆ ಪಿಎಸ್ ಪ್ಲಸ್‌ನ ಮೇಲಿನ ಹಂತ ಡಿಲಕ್ಸ್. ಕೆಲವು ಗೇಮ್‌ಗಳ ಸಮಯಮಿತಿಯ ಟ್ರಯಲ್ ಅದರಲ್ಲಿದೆ. ಆಮೇಲೆ ಕೊಂಡರೆ ಆಡಿದ್ದು ಮುಂದುವರಿಯುತ್ತದೆ. ತೊಡಕು ಡೌನ್‌ಲೋಡ್‌ನದು: 100 ಜಿಬಿಗೆ 100 ಎಂಬಿಪಿಎಸ್ ಲೈನ್‌ನಲ್ಲೂ ಸುಮಾರು 2 ತಾಸು 15 ನಿಮಿಷ ಬೇಕು, 40ರಲ್ಲಿ ಐದೂವರೆ ತಾಸು. ಗೋವಾದ ಹಳ್ಳಿಯ ಕಡೆ ಮಳೆಗಾಲದಲ್ಲಿ ಕರೆಂಟ್ ಹೋಗಿಬರುವುದನ್ನೂ ಸೇರಿಸಿಕೊಳ್ಳಿ. ಪಿಎಸ್ ಪ್ಲಸ್‌ನ ಎಕ್ಸ್‌ಟ್ರಾ ಹಂತಕ್ಕೆ ಅಥವಾ ಮೈಕ್ರೋಸಾಫ್ಟ್‌ನ ಗೇಮ್ ಪಾಸ್‌ಗೆ ಒಂದು ತಿಂಗಳ ಚಂದಾ ಕಟ್ಟುವುದಾದರೆ ಆಡಬೇಕೆಂದಿರುವ ಮೂರಾದರೂ ಗೇಮ್ ಅದರಲ್ಲಿ ಇವೆಯೇ ಎಂದು ಮೊದಲು ಖಚಿತಪಡಿಸಿಕೊಂಡು, ಕಟ್ಟಿದ ದಿನವೇ ಆಟೋ ರಿನ್ಯೂವಲ್ ಆಫ್ ಮಾಡಿ. ಗೇಮ್ ಪಾಸ್‌ನ ಪಿಸಿ ಸೇವ್‌ಗಳು ಸಾಮಾನ್ಯವಾಗಿ ಸ್ಟೀಮ್‌ಗೆ ಬರುವುದಿಲ್ಲ ಎಂಬುದು ನೆನಪಿರಲಿ; 20 ತಾಸು ಆಡಿ ಸ್ಟೀಮ್‌ನಲ್ಲಿ ಕೊಂಡರೆ ಮತ್ತೆ ಒಂದರಿಂದ ಶುರು.

ಗೇಮಿಂಗ್ ಕೆಫೆ ಕೈಯ ಗೇಮ್‌ಗಳಿಗೆ ಅಗ್ಗದ ಪರೀಕ್ಷೆ. ಟೆಕ್ಕನ್, ಫುಟ್‌ಬಾಲ್, ವ್ಯಾಲೊರಂಟ್ ಎಲ್ಲೆಡೆ ಇರುತ್ತವೆ; ಒಬ್ಬರೇ ಆಡುವ ದೊಡ್ಡ ಕಥೆಯ ಗೇಮ್ ಇದೆಯೇ ಎಂದು ಹೋಗುವ ಮುನ್ನ ಫೋನ್ ಮಾಡಿ ಕೇಳಿ. ಅಲ್ಲಿನ ಮಾನಿಟರ್ 144 ಹರ್ಟ್ಸ್, ಎಂದರೆ ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವಂಥದ್ದು, ಇದ್ದು ಮನೆಯ ಟಿವಿ 60 ಇದ್ದರೆ ಅದೇ ಗೇಮ್ ಮನೆಯಲ್ಲಿ ಭಾರ ಅನ್ನಿಸುತ್ತದೆ. ಟಿವಿಯ ಚಿತ್ರ ತಿದ್ದುವ ಯಂತ್ರಾಂಶವೇ ಎಷ್ಟೋ ಸಲ ತಡಮಾಡುತ್ತದೆ. ಗೇಮನ್ನು ದೂರುವ ಮೊದಲು ಟಿವಿಯಲ್ಲಿ ‘ಗೇಮ್ ಮೋಡ್’ ಹಾಕಿ ನೋಡಿ. ಕೆಫೆಯ ಸವೆದ ಕಂಟ್ರೋಲರ್‌ನಲ್ಲಿ ಸ್ಟಿಕ್ ಮುಟ್ಟದೆಯೇ ಪಾತ್ರ ಸರಿಯುತ್ತಿದ್ದರೆ ಅದು ಗೇಮ್‌ನ ದೋಷವಲ್ಲ, ಬೇರೆ ಕೇಳಿ. ವ್ಯಾಲೊರಂಟ್‌ಗೆ ಮುಂಬಯಿಯಲ್ಲೇ ಸರ್ವರ್ ಇದೆ. ಸಿಂಗಾಪುರದ ಸರ್ವರ್‌ಗೆ ಹೋಗಬೇಕಾದ ಗೇಮ್‌ಗಳಲ್ಲಿ ಏಟು ತಾಗುವುದು ತಡವಾಗುತ್ತದೆ, ಅದನ್ನು ಮನೆಯ ಲೈನ್‌ನಲ್ಲೇ ಅಳೆಯಬೇಕು.

ಡಿಸ್ಕ್ ಡ್ರೈವ್ ಇರುವ ಕನ್ಸೋಲ್ ಇದ್ದವರಿಗೆ ಹಳೆಯ ಡಿಸ್ಕ್ ಒಂದು ಥರದ ಬಾಡಿಗೆ. ₹2,500ಕ್ಕೆ ಕೊಂಡು ಮುಗಿಸಿ ₹2,000ಕ್ಕೆ ಮಾರಿದರೆ ಖರ್ಚು ₹500. ಮುಂಬಯಿಯಲ್ಲಿ ಗ್ರ್ಯಾಂಟ್ ರೋಡ್ ಸ್ಟೇಷನ್ ಬಳಿಯ ಲ್ಯಾಮಿಂಗ್ಟನ್ ರೋಡ್, ಪುಣೆಯಲ್ಲಿ ಬುಧವಾರ ಪೇಠೆಯ ತಪಕೀರ್ ಗಲ್ಲಿ ಕಡೆ ಎಲೆಕ್ಟ್ರಾನಿಕ್ಸ್ ಅಂಗಡಿ ಸುತ್ತುವಾಗ ವಿಚಾರಿಸಿ. ಡಿಸ್ಕನ್ನು ಬೆಳಕಿಗೆ ವಾಲಿಸಿ ಹಿಡಿದು ನೋಡಿ. ಸುತ್ತಿನ ಗುಂಟ ಹೋದ ಉದ್ದ ಗೀರು, ನಡುವಿನ ಉಂಗುರದ ಬಳಿ ಬಿರುಕು ಇದ್ದರೆ ಬೇಡ. ಪೆಟ್ಟಿಗೆಯೊಳಗಿನ ಕೋಡ್ ಬಳಕೆಯಾಗಿರುತ್ತದೆ, ಅದಕ್ಕೆ ಬೆಲೆ ಕೊಡಬೇಡಿ. ಡಿಸ್ಕ್‌ನ ರೀಜನ್, ಎಂದರೆ ಅದು ಯಾವ ದೇಶಗಳ ಮಾರುಕಟ್ಟೆಯದೆಂಬುದು, ನಿಮ್ಮ ಖಾತೆಯದಕ್ಕಿಂತ ಬೇರೆಯಾದರೆ ಗೇಮ್ ಓಡುತ್ತದೆ, ಆಮೇಲೆ ಕೊಂಡ ಹೆಚ್ಚುವರಿ ಭಾಗ (ಡಿಎಲ್‌ಸಿ) ಸೇರುವುದಿಲ್ಲ. ಹತ್ತಾರು ತಾಸಿನ ಗೇಮ್‌ಗೆ ಈ ದಾರಿ ಸರಿ. ಎರಡು ವರ್ಷ ಆಡುವ ಗೇಮ್‌ಗೆ ಅರ್ಥವಿಲ್ಲ.

ಫೋನಿನ ಗೇಮ್‌ಗಳು

ಶೂಟಿಂಗ್ ಗೇಮ್ ಬಿಜಿಎಂಐ ಆಗಲಿ, ಪುಣೆಯ ಸೂಪರ್‌ಗೇಮಿಂಗ್ 2024ರಲ್ಲಿ ತಂದ ‘ಇಂಡಸ್’ ಆಗಲಿ ಪುಕ್ಕಟೆ. ವಿಡಿಯೊ ನೋಡಿ ಅಳೆಯುವ ಪ್ರಶ್ನೆಯೇ ಇಲ್ಲ, ಹಾಕಿಕೊಂಡು ನೋಡಿದರಾಯಿತು. ಪ್ರಸಾರದಲ್ಲಿ ಕಾಣುವ ಗುರಿಯ ಹಿಂದೆ ನಾಲ್ಕು ಬೆರಳಿನ ಹಿಡಿತ, ಫೋನ್ ವಾಲಿಸಿ ಗುರಿಯಿಡಲು ಬಿಡುವ ಜೈರೊಸ್ಕೋಪ್, ದೊಡ್ಡ ಟ್ಯಾಬ್ಲೆಟ್ ಇರುತ್ತವೆ. ಬೆರಳಾಡಿಸಿದರೆ ಗುರಿ ಎಷ್ಟು ಸರಿಯಬೇಕೆಂದು ಹೇಳುವ ಅವರ ಸೆನ್ಸಿಟಿವಿಟಿ ಕೋಡ್ ನಕಲು ಮಾಡಿದರೆ ಅದು ನಿಮ್ಮ ಫೋನಿಗೆ ಹೊಂದಬೇಕೆಂದಿಲ್ಲ. ಮೇ ತಿಂಗಳಲ್ಲಿ ಏಸಿ ಇಲ್ಲದ ಖೋಲಿಯಲ್ಲಿ ಫೋನ್ ಕಾದು ಫ್ರೇಮ್ ಬೀಳುವುದಂತೂ ಯಾವ ಸ್ಟ್ರೀಮ್‌ನಲ್ಲೂ ಕಾಣದು. 20 ನಿಮಿಷ ಆಡಿದ ಮೇಲೆ ಹೇಗಿದೆ ಎಂಬುದೇ ಲೆಕ್ಕ.

ನೋಡುವುದು ನಿಜಕ್ಕೂ ಅಪಾಯವಾಗುವುದು, ಏನು ಸಿಗುತ್ತದೋ ತಿಳಿಯದೆ ಲಾಟರಿಯಂತೆ ಎಳೆಯುವ ಅದೃಷ್ಟದ ಪೆಟ್ಟಿಗೆಗಳಲ್ಲಿ. ‘ಗೆನ್‌ಶಿನ್ ಇಂಪ್ಯಾಕ್ಟ್’ನಲ್ಲಿ ಒಂದು ಎಳೆತಕ್ಕೆ ಐದು ನಕ್ಷತ್ರದ ಪಾತ್ರ ಸಿಗುವ ಮೂಲ ಸಂಭವ ಶೇ 0.6, 90ನೇ ಸಲಕ್ಕೆ ಐದು ನಕ್ಷತ್ರ ಖಾತ್ರಿ. ಯೂಟ್ಯೂಬ್‌ನಲ್ಲಿ ಮೇಲೆ ಬರುವುದು ಹತ್ತನೇ ಎಳೆತಕ್ಕೇ ಸಿಕ್ಕು ಕುಣಿದವರ ವಿಡಿಯೊ. 80 ಸಲ ಎಳೆದು ಸುಮ್ಮನೆ ಫೋನ್ ಕೆಳಗಿಟ್ಟವರು ವಿಡಿಯೊ ಹಾಕುವುದಿಲ್ಲ. ಮಕ್ಕಳು ಇಂಥ ಗೇಮ್ ಕೇಳಿದರೆ ಅಪ್ಪ-ಅಮ್ಮ ಮೊದಲು ಮಾಡಬೇಕಾದ್ದು ಗೂಗಲ್ ಪ್ಲೇ ಸೆಟ್ಟಿಂಗ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಇಡುವುದು. ಹಣ ಹೋಗಿದ್ದರೆ 48 ತಾಸಿನೊಳಗೆ ಗೂಗಲ್‌ಗೆ ರೀಫಂಡ್ ಕೋರಿಕೆ ಹಾಕಿ. ಅದು ಕಳೆದರೆ ಗೇಮ್ ತಯಾರಕರನ್ನೇ ಕೇಳಬೇಕಾಗುತ್ತದೆ.